ಹೋಗುವವರು ಗಿಡ ಹಚ್ಚಬಹುದೆ?

ದೊಡ್ಡ ಪ್ರಶ್ನೆಗಳೆಲ್ಲ ದೊಡ್ಡ ಗ್ರಂಥಗಳಿಂದಲೇ ಏಳಬೇಕೆಂಬ ನಿಯಮವೇನೂ ಇಲ್ಲ. ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಎದ್ದುದು ಒಂದು ಎಣ್ಣೆಯ ಡಬ್ಬಿಯಿಂದ. ಮೇಲಿನ ತಗಡು ಕತ್ತರಿಸಿ, ತಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದ ಹದಿನೈದು ಕಿಲೋದ ಡಬ್ಬಿ. ಅದರಲ್ಲಿ ಒಂದು ತುಳಸಿಯ ಗಿಡವಿತ್ತು.

ಡಬ್ಬಿಯನ್ನು ಚಿಕ್ಕೋಡಿಯ ನಮ್ಮ ಮನೆಗೆ ತಂದವಳು ಅವ್ವ. ನಮ್ಮ ಮೂಲ ಊರು ಕೃಷ್ಣೆಯ ದಂಡೆಯಲ್ಲಿದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಮ್ಮೆಲೇ ಉಕ್ಕಿ ದಂಡೆಯ ಊರುಗಳನ್ನೆಲ್ಲ ನುಂಗಿದ್ದನ್ನು ಓದುಗರು ಮರೆತಿರಲಾರರು. ನೀರು ಅಂಗಳಕ್ಕೆ ಬಂದಾಗ ಅವ್ವ ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಈ ಡಬ್ಬಿ ಹಿಡಿದು ಹೊರಬಿದ್ದಳು. ವೃಂದಾವನದ ದೊಡ್ಡ ತುಳಸಿಯನ್ನು ಅಲ್ಲಿಯೇ ಬಿಟ್ಟು, ಅದರ ಬುಡದ ಸಸಿಯೊಂದನ್ನು ಮಾತ್ರ ಎತ್ತಿಕೊಂಡಿದ್ದಳು. ದೋಣಿಯವನು, “ಗಿಡಾ ಬಿಡ್ರೀ ಆಯಿ, ಮನಷಾರಿಗೇ ಜಾಗಾ ಇಲ್ಲ” ಎಂದನಂತೆ. ಅವ್ವ, “ಅದಕ್ಕ ಈಸಾಕ ಬರ್ತದೇನಪಾ?” ಎಂದು ಕೇಳಿ ದೋಣಿ ಹತ್ತಿದಳಂತೆ. ನಾವು ಈ ಮಾತನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದೆವು.

ನೀರು ಇಳಿಯಿತು. ಆದರೆ ಗೋಡೆ ಕುಸಿದ ಮನೆಗೆ ಎಪ್ಪತ್ತು ದಾಟಿದ ಹೆಂಗಸನ್ನು ಒಬ್ಬಳೇ ಮರಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಹೀಗೆ ಅವ್ವ ನಮ್ಮ ಬಾಡಿಗೆಯ ಮಹಡಿಯ ಮನೆಯಲ್ಲಿ ಉಳಿದಳು. ಡಬ್ಬಿ ಮಾಳಿಗೆಯ ಮೇಲೆ ಉಳಿಯಿತು. ಅದರ ಸುತ್ತ ಒಂದೊಂದಾಗಿ ಮಲ್ಲಿಗೆ, ಅಬ್ಬಲಿಗೆ, ಸೇವಂತಿಗೆ, ಕರಿಬೇವು, ದೊಡ್ಡಪತ್ರಿ, ಎರಡು ಬದನೆ, ನಾಲ್ಕು ಮೆಣಸಿನ ಗಿಡ ಸೇರಿಕೊಂಡವು. ಮರುವರ್ಷ ಮಹಾಮಾರಿಯ ಕಾಲದಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತಾಗ ನಮ್ಮ ಮನೆಯಲ್ಲಿ ದಿನವೂ ಹೊರಗೆ ಹೋಗುವ ಕೆಲಸವಿದ್ದುದು ಅವ್ವನೊಬ್ಬಳಿಗೇ: ಮಾಳಿಗೆ ಹತ್ತಿ ನೀರು ಹಾಕುವುದು.

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಾನು ಕುಂಡದ ಶಾಸ್ತ್ರವನ್ನು ಕಲಿತುದು ಅವ್ವನ ಹಿಂದೆ ತಂಬಿಗೆ ಹಿಡಿದು ತಿರುಗಿ. ನಮ್ಮ ಕಡೆಯ ಎರೆಮಣ್ಣು ಹೊಲದಲ್ಲಿ ತಾಯಿ, ಕುಂಡದಲ್ಲಿ ಮಲತಾಯಿ. ನೀರು ಬಿದ್ದಾಗ ಅದು ಉಬ್ಬಿ ಅಂಟಾಗುತ್ತದೆ, ಬೇರಿಗೆ ಉಸಿರು ಸಿಗುವುದಿಲ್ಲ. ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ದೂರ ಸರಿಯುತ್ತದೆ. ಆಗ ಹಾಕಿದ ನೀರು ಆ ಬಿರುಕಿನಲ್ಲಿ ಇಳಿದು ತಳದಿಂದ ಹರಿದುಹೋಗುತ್ತದೆ. ಹಾಕಿದವನಿಗೆ ಸಮಾಧಾನ, ಬೇರಿಗೆ ಉಪವಾಸ. ಆದ್ದರಿಂದ ಎರೆಗೆ ಉಸುಕು ಬೆರೆಸಬೇಕು, ತಿಪ್ಪೆಯ ಹಳೆಯ ಗೊಬ್ಬರ ಬೆರೆಸಬೇಕು. ಕುಂಬಾರನ ಮಣ್ಣಿನ ಕುಂಡ ಬೆವರಿ ತಂಪಾಗಿರುತ್ತದೆ, ಆದರೆ ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಬಕೇಟು ನೀರನ್ನು ಹಿಡಿದಿಡುತ್ತದೆ, ಆದರೆ ಬಿಸಿಲಿಗೆ ಕಾಯುತ್ತದೆ.

ಋತುಗಳಿಗೂ ಒಂದೊಂದು ಪಾಠ. ಮಿರಗದ ಮಳೆಯಿಂದ ಹಸ್ತದ ಮಳೆಯವರೆಗೆ ಕುಂಡದ ಗಿಡ ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಆಗ ತಳದ ತೂತನ್ನು ಕಡ್ಡಿಯಿಂದ ಬಿಡಿಸುವುದೇ ಸೇವೆ. ದೀಪಾವಳಿಯ ನಂತರ ಚಳಿಯಲ್ಲಿ ದಿನ ಬಿಟ್ಟು ದಿನ ನೀರು ಸಾಕು. ಕೊತ್ತಂಬರಿ, ಮೆಂತ್ಯ ನಗುತ್ತವೆ, ಸೇವಂತಿಗೆ ಹೂಬಿಡುತ್ತದೆ. ಹೋಳಿಹುಣ್ಣಿಮೆ ಕಳೆಯಿತೆಂದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಏಪ್ರಿಲ್–ಮೇ ತಿಂಗಳಲ್ಲಿ ಗುಡುಗಿ ಬರುವ ಅಡ್ಡಮಳೆಯನ್ನು ನಂಬಬಾರದು. ಅದು ನೆಂಟನ ಮಳೆ, ಮನೆಯವನದಲ್ಲ.

ನಿಪ್ಪಾಣಿಯಿಂದ ಅಥಣಿಗೆ ಹೋಗುವವರು ದಾರಿಯಲ್ಲಿ ಮಳೆ ಬಡವಾಗುವುದನ್ನು ಕಣ್ಣಾರೆ ಕಾಣಬಹುದು. ಪಡುವಲಲ್ಲಿ ಘಟ್ಟದ ಕಡೆಯ ತಂಪು ಗಾಳಿ. ರಾಯಬಾಗ, ಕಾಗವಾಡ, ಅಥಣಿಯ ಕಡೆಗೆ ಸಾಗಿದಂತೆ ನೆಲ ಆಕಾಶವನ್ನು ಹೆಚ್ಚು ಹೆಚ್ಚು ಹೊತ್ತು ದಿಟ್ಟಿಸುತ್ತದೆ. ನೆಲದ ಗಿಡಕ್ಕೆ ತನ್ನ ತಾಲೂಕು ಯಾವುದೆಂದು ಗೊತ್ತು. ಅದಕ್ಕೆ ತಕ್ಕಂತೆ ಬೇರು ಬಿಡುತ್ತದೆ. ಕುಂಡದ ಗಿಡಕ್ಕೆ ತಾಲೂಕಿಲ್ಲ. ಇಟ್ಟವನ ಕೈಯೇ ಅದರ ಆಕಾಶ.

2023ರ ಏಪ್ರಿಲ್ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ನಾವು ಪುಣೆಗೆ ಹೋಗಬೇಕಾಯಿತು. ಮೂರು ವಾರದ ಮಾತು. ಅವ್ವ ಬರಲೊಲ್ಲೆನೆಂದಳು. “ಗಿಡಕ್ಕ ನೀರ ಯಾರ ಹಾಕ್ತಾರ?” ಎಂಬುದು ಅವಳ ಒಂದೇ ಮಾತು. “ಗಿಡದ ಸಲುವಾಗಿ ಮರಿಮೊಮ್ಮಗನ್ನ ನೋಡಾಕ ಬರಾಂಗಿಲ್ಲೇನ?” ಎಂದು ನಾನು ಗದರಿದೆ. ಪರಿಚಯದ ಹುಡುಗನೊಬ್ಬನಿಗೆ ಮಾಳಿಗೆಯ ಕೀಲಿ ಕೊಟ್ಟು, ಕೈಯಲ್ಲಿ ಮುನ್ನೂರು ರೂಪಾಯಿ ಇಟ್ಟು, ಅವ್ವನನ್ನು ಕರೆದುಕೊಂಡು ಹೊರಟೆ.

ಪುಣೆಯಲ್ಲಿ ಮಗಳ ಮನೆ ಆರನೆಯ ಅಂತಸ್ತಿನಲ್ಲಿ. ಅವ್ವ ದಿನವೂ ಸಂಜೆ ಕೇಳುವಳು: “ತಮ್ಮಾ, ನಮ್ಮ ಕಡೆ ಮಳಿ ಆತೇನ?” ಮೊದಲ ಎರಡು ದಿನ ಹುಡುಗನಿಗೆ ಫೋನು ಮಾಡಿದೆ. ಮೂರನೆಯ ದಿನ ಅವನು ಎತ್ತಲಿಲ್ಲ. ನಾಲ್ಕನೆಯ ದಿನ ನನಗೇ ಬೇಸರವಾಯಿತು. ಅವ್ವ ಕೇಳಿದಾಗ ಫೋನಿನಲ್ಲಿ ಮೋಡದ ಚಿತ್ರವೊಂದನ್ನು ನೋಡಿ, “ಹೂಂ, ಆಗೇದ, ಚಲೋ ಆಗೇದ” ಎಂದುಬಿಟ್ಟೆ. ಆಮೇಲೆ ಮೂರು ವಾರವೂ ಅದೇ ಉತ್ತರ. ಮುದುಕಿಯ ನಿದ್ದೆಗೆ ಒಂದು ಸುಳ್ಳು ಹೇಳಿದರೆ ಏನು ಪಾಪ ಎಂದುಕೊಂಡೆ.

ಮರಳಿ ಬಂದಾಗ ಎಲ್ಲವೂ ಒಣಗಿದ್ದವು. ನಾವು ಹೋದ ನಾಲ್ಕನೆಯ ದಿನ ಮೋಟಾರು ಸುಟ್ಟು ಮಾಳಿಗೆಯ ಟಾಕಿ ಬರಿದಾಗಿತ್ತಂತೆ. ಹುಡುಗ ಕೆಲವು ದಿನ ಕೆಳಗಿನಿಂದ ಕೊಡ ಹೊತ್ತಿದ್ದಾನೆ. ಆಮೇಲೆ, “ಮನಿಗೇ ನೀರ ಸಾಲ್ತಿದ್ದಿಲ್ರಿ ಸರ್” ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವ್ವ ಡಬ್ಬಿಯ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದಳು. ಮಣ್ಣು ಗೋಡೆಯಿಂದ ಒಂದು ಬೆರಳು ಸರಿದಿತ್ತು. ಮಳೆಯ ಹನಿ ಬಿದ್ದ ಗುರುತೇ ಇಲ್ಲದ ಮಣ್ಣದು. ಅವಳಿಗೆ ನನ್ನ ಇಪ್ಪತ್ತು ದಿನದ ಸುಳ್ಳು ತಿಳಿದುಹೋಯಿತು. ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ.

ಒಂದು ವಾರದ ಮೇಲೆ ನಾನು, “ಹೊಸಾ ಗಿಡಾ ತರೋಣೇಳವ್ವಾ” ಎಂದೆ. ಅವಳು ಹೇಳಿದ ಮಾತು ಇಷ್ಟೆ: “ಬ್ಯಾಡ. ಹೋಗಾವ್ರು ಗಿಡಾ ಹಚ್ಚಬಾರ್ದು.”

ಇದು ಸಿಟ್ಟಿನ ಮಾತಾಗಿದ್ದರೆ ನಾನು ಮರೆಯುತ್ತಿದ್ದೆ. ಅದು ಸಿಟ್ಟಿನ ಮಾತಾಗಿರಲಿಲ್ಲ. ಯೋಚಿಸಿ ಕೊಟ್ಟ ತೀರ್ಪಾಗಿತ್ತು.

ನನ್ನ ಗೆಳೆಯರೊಬ್ಬರು ವಕೀಲರು. ಅವರ ಮುಂದೆ ಈ ಸಂಗತಿಯನ್ನು ಇಟ್ಟೆ. ಅವರು ನಕ್ಕರು. “ಮಾಸ್ತರ್ರ, ನಲವತ್ತು ರೂಪಾಯಿಗೆ ಇನ್ನೊಂದು ಗಿಡಾ ಬರ್ತದ. ಗಿಡಕ್ಕ ಏನ ತಿಳೀತದ್ರಿ? ಜಗದೀಶಚಂದ್ರ ಬೋಸರು ಯಂತ್ರ ಹಚ್ಚಿ ಗಿಡ ಸ್ಪಂದಿಸ್ತದ ಅಂತ ತೋರಿಸಿದ್ರು ಖರೆ. ಸ್ಪಂದಿಸೋದು ಬ್ಯಾರೆ, ನೋವುಣ್ಣೋದು ಬ್ಯಾರೆ. ನೋವಿಲ್ಲದಲ್ಲೆ ಅನ್ಯಾಯ ಎಲ್ಲಿಂದ ಬರಬೇಕು?” ಈ ವಾದಕ್ಕೆ ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರದ ಒಂದು ತುದಿ ಸಿಕ್ಕಿದ್ದು ಶೇಡಬಾಳದ ಕಡೆಯ ಇನ್ನೊಬ್ಬ ಗೆಳೆಯರಿಂದ. ನಮ್ಮ ಈ ಸೀಮೆಯಲ್ಲಿ ಜೈನರು ಬಹಳ, ಅವರಲ್ಲಿ ಒಕ್ಕಲುತನದವರೇ ಹೆಚ್ಚು. ಗಿಡಮರಗಳನ್ನು ಸ್ಪರ್ಶವೊಂದೇ ಇಂದ್ರಿಯವಾಗಿರುವ ಜೀವವೆಂದು ನಂಬಿಯೂ ನೇಗಿಲು ಹಿಡಿದವರು ಇವರು. ಆದ್ದರಿಂದ ಈ ತೊಡಕನ್ನು ಅವರ ಹಿರಿಯರು ತಲೆಮಾರುಗಳಿಂದ ಯೋಚಿಸಿದ್ದಾರೆ. ಗೆಳೆಯರು ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಸಂಗತಿಯೊಂದನ್ನು ನೆನಪಿಸಿದರು. ಗೃಹಸ್ಥನ ಅಹಿಂಸಾವ್ರತಕ್ಕೆ ಕುಂದು ತರುವ ದೋಷಗಳು ಅಲ್ಲಿ ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಕೊನೆಯದಾಗಿ ಅನ್ನನೀರು ತಡೆಯುವುದು. “ಇದು ದನಕರು, ಆಳುಮಕ್ಕಳನ್ನ ಕುರಿತ ಮಾತ್ರೀ, ಕುಂಡದ ಗಿಡದ ಬಗ್ಗೆ ಅಲ್ಲ” ಎಂದು ಅವರು ಪ್ರಾಮಾಣಿಕವಾಗಿ ಎಚ್ಚರಿಸಿದರು.

ಒಪ್ಪಿದೆ. ಆದರೆ ಈ ಐದರ ಪಟ್ಟಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದುದು ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ನಂಟು. ಕಟ್ಟದ ದನಕ್ಕೆ ನೀರು ಕೊಡದಿದ್ದರೆ ಅದು ಹಳ್ಳಕ್ಕೆ ಹೋಗಿ ಕುಡಿದು ಬರುತ್ತದೆ. ಕಟ್ಟಿದ ದನಕ್ಕೆ ಕೊಡದಿದ್ದರೆ ಅದು ಗೂಟದಲ್ಲಿಯೇ ಸಾಯುತ್ತದೆ. ಅಂದರೆ ಕಟ್ಟಿದ ಕ್ಷಣದಲ್ಲಿಯೇ ನೀರಿನ ಹೊಣೆ ಕಟ್ಟಿದವನ ಕೊರಳಿಗೆ ಬಿತ್ತು. ಆ ಹೊಣೆ ದನದ ನೋವಿನಿಂದ ಮಾತ್ರ ಹುಟ್ಟಿದ್ದಲ್ಲ, ನನ್ನ ಹಗ್ಗದಿಂದ ಹುಟ್ಟಿದ್ದು.

ವಕೀಲರಿಗೆ ನನ್ನ ಉತ್ತರ ಇದು. ಗಿಡಕ್ಕೆ ನೋವಾಗುತ್ತದೆಯೋ ಇಲ್ಲವೋ, ಆ ತಂಟೆಯನ್ನು ಬಲ್ಲವರು ಬಗೆಹರಿಸಲಿ. ನಾನು ಅದರಿಂದ ಏನನ್ನು ಕಸಿದುಕೊಂಡೆನೆಂಬುದು ಮಾತ್ರ ನನಗೆ ಸ್ಪಷ್ಟವಾಗಿ ಗೊತ್ತಿದೆ. ನೆಲದಲ್ಲಿದ್ದರೆ ಅದು ನೀರನ್ನು ಹುಡುಕಿಕೊಂಡು ಹೋಗುತ್ತಿತ್ತು. ನಮ್ಮ ಮನೆಯ ಹಿಂದಿನ ಬೇವಿನ ಮರಕ್ಕೆ ಯಾರೂ ಒಂದು ತಂಬಿಗೆ ನೀರು ಹಾಕಿದವರಿಲ್ಲ. ಸುಡುವ ಚೈತ್ರದಲ್ಲಿಯೇ ಅದು ಚಿಗುರಿ ನಿಲ್ಲುತ್ತದೆ. ಕುಂಡದ ಗಿಡದ ಬೇರು ಹುಡುಕುವುದಿಲ್ಲವೆಂದಲ್ಲ. ಸತ್ತ ಕರಿಬೇವನ್ನು ನಾನು ಕುಂಡದಿಂದ ಕಿತ್ತಾಗ ಬೇರುಗಳು ಗೋಡೆಯುದ್ದಕ್ಕೂ ಸುತ್ತುಸುತ್ತಾಗಿ ಹೆಣೆದುಕೊಂಡು ಕುಂಡದ ಆಕಾರವನ್ನೇ ತಳೆದಿದ್ದವು. ಬಾಗಿಲು ಹುಡುಕುತ್ತ ಗೋಡೆ ತಡವಿದವರ ಕೈಗಳಂತೆ ಕಂಡವು. ಯಾವನು ಹುಡುಕುವ ಹಾದಿಯನ್ನು ಮುಚ್ಚಿದನೋ ಅವನು ನೀರಿನ ಸಾಲಗಾರ. ಪ್ರೀತಿ, ಮರುಕ ಇವೆಲ್ಲ ಆಮೇಲಿನ ಮಾತು.

ಈ ಮಾತು ಮಾಳಿಗೆಯಲ್ಲಿಯೇ ನಿಲ್ಲುವುದಿಲ್ಲ. 2019ರ ಮೇ ತಿಂಗಳಲ್ಲಿ ನಮ್ಮ ಭಾಗದ ಕೃಷ್ಣೆ ಒಣಗಿ, ಮಹಾರಾಷ್ಟ್ರದ ಕೊಯ್ನಾದಿಂದ ನೀರು ಬಿಡಿಸಿರೆಂದು ಜನ ಬೀದಿಗೆ ಇಳಿದಿದ್ದರು. ಮೂರು ತಿಂಗಳು ಕಳೆದು ಆಗಸ್ಟಿನಲ್ಲಿ ಅದೇ ನದಿ, ಘಟ್ಟದ ಮಳೆ ಮತ್ತು ಮೇಲಿನ ಜಲಾಶಯಗಳ ನೀರು ಎರಡೂ ಕೂಡಿ, ನಮ್ಮ ಮನೆಯ ಗೋಡೆ ಕೆಡವಿತು. ಅಣೆಕಟ್ಟು ಬೇಡವೆನ್ನುವವನು ನಾನಲ್ಲ. ಅವುಗಳ ನೀರಿನಿಂದ ಬೆಳೆದ ಕಬ್ಬಿನ ದುಡ್ಡಿನಲ್ಲಿ ಓದಿದವನು. ಆದರೆ ನದಿಗೆ ಬಾಗಿಲು ಹಚ್ಚಿದ ಮೇಲೆ ಬಾಗಿಲ ಕೆಳಗಿನವರು ಒಂದು ಬಗೆಯಲ್ಲಿ ಕುಂಡದ ಗಿಡಗಳೇ. ನೀರು ಹೆಚ್ಚಾದರೂ ಕಡಿಮೆಯಾದರೂ ಅವರು ಇನ್ನೊಬ್ಬರ ಕೈಯನ್ನು ನೋಡಬೇಕು. ಬಾಗಿಲ ಕೀಲಿ ಇರುವವರಿಗೆ, ಅವರು ಯಾವ ರಾಜ್ಯದವರಾಗಿರಲಿ, ಈ ಋಣದ ಅರಿವು ಇರಬೇಕಾದುದು ನ್ಯಾಯ.

ಇಲ್ಲಿಯವರೆಗೆ ಬಂದ ಮೇಲೆ ಇನ್ನೊಂದು ಮಾತನ್ನು ಬರೆಯದೆ ನಿರ್ವಾಹವಿಲ್ಲ. ಊರಿನಲ್ಲಿದ್ದಾಗ ಅವ್ವ ಬೇಕಾದುದನ್ನು ತಾನೇ ಹುಡುಕಿಕೊಳ್ಳುತ್ತಿದ್ದಳು. ಮಾತು ಬೇಕಾದರೆ ಓಣಿಗೆ, ಮನಸ್ಸು ಭಾರವಾದರೆ ಹೊಳೆಗೆ, ಜಾತ್ರೆ ಬಂದರೆ ಯಡೂರಿನ ವೀರಭದ್ರನಿಗೆ. ಮಹಡಿಯ ಮನೆಯಲ್ಲಿ ನಾವು ಅವಳಿಗೆ ಏನು ಕಡಿಮೆ ಮಾಡಿದ್ದೆವು? ಹೊತ್ತಿಗೆ ಊಟ, ಹೊತ್ತಿಗೆ ಗುಳಿಗೆ, ನೋಡಲು ದೂರದರ್ಶನ. ಎಲ್ಲವೂ ನಮ್ಮ ಕೈಯಿಂದ, ನಮ್ಮ ಹೊತ್ತಿಗೆ. “ಯಡೂರಿಗೆ ಹೋಗಿ ಬರೋಣೇನ?” ಎಂದು ಅವಳು ಎರಡು ಸಲ ಕೇಳಿದ್ದಳು. “ನೋಡೋಣೇಳು” ಎಂದು ಎರಡು ಸಲವೂ ಅಂದಿದ್ದೆ. ಅವಳು ನಮ್ಮ ಮನೆಯಲ್ಲಿ ಕೈಯಾರೆ ನಡೆಸುತ್ತಿದ್ದ ಒಂದೇ ರಾಜ್ಯ ಆ ಮಾಳಿಗೆಯಾಗಿತ್ತು. ಅದನ್ನೂ ನಾನು ಒಂದು ಸುಳ್ಳಿನಿಂದ ಒಣಗಿಸಿದೆ. ಅನ್ನನೀರು ತಡೆಯುವುದೆಂದರೆ ಅನ್ನವನ್ನೂ ನೀರನ್ನೂ ತಡೆಯುವುದಷ್ಟೇ ಅಲ್ಲ; ನಿಜವನ್ನು ತಡೆಯುವುದೂ ಹೌದು. ಅವಳಿಗೆ ನಿಜ ಹೇಳಿದ್ದರೆ ಬಹುಶಃ ಅವಳು ಒಬ್ಬಳೇ ಬಸ್ಸು ಹತ್ತಿ ಬರುತ್ತಿದ್ದಳು. ಆ ಹಾದಿಯನ್ನು ನಾನು ಮುಚ್ಚಿದೆ.

ಆದರೂ ಅವ್ವನ ತೀರ್ಪನ್ನು ಹಾಗೆಯೇ ಒಪ್ಪಲು ನನ್ನಿಂದಾಗಲಿಲ್ಲ. ಹೋಗುವವರು ಗಿಡ ಹಚ್ಚಬಾರದೆಂದರೆ ಯಾರು ಹಚ್ಚಬೇಕು? ಹೋಗದವರು ಯಾರಿದ್ದಾರೆ? ಈ ನ್ಯಾಯವನ್ನು ಕೊನೆಯವರೆಗೆ ಎಳೆದರೆ ಯಾರೂ ದನ ಕಟ್ಟಬಾರದು, ಶಾಲೆ ತೆರೆಯಬಾರದು, ಮಕ್ಕಳನ್ನು ಹಡೆಯಬಾರದು. ನಮ್ಮನ್ನು ನಂಬಿದ್ದನ್ನೆಲ್ಲ ನಾವು ಒಂದು ದಿನ ಬಿಟ್ಟೇ ಹೋಗುತ್ತೇವೆ. ಹೋಗುವುದು ದೋಷವಾಗಲಾರದು. ಹಾಗಾದರೆ ದೋಷ ಯಾವುದು?

ಕಾಳಿದಾಸನ ಶಕುಂತಲೆ ನೆನಪಾದಳು. ಆಶ್ರಮದ ಗಿಡಗಳಿಗೆ ನೀರು ಹಾಕದೆ ತಾನು ಕುಡಿಯದವಳೆಂದು ಅವಳನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅವಳೂ ಹೋದವಳೇ! ಗಂಡನ ಮನೆಗೆ ಹೊರಟ ದಿನ ಅವಳು ಮಾಡಿದ ಒಂದು ಕೆಲಸವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತನ್ನ ಪ್ರೀತಿಯ ವನಜ್ಯೋತ್ಸ್ನೆ ಬಳ್ಳಿಯನ್ನು ಅಪ್ಪಿಕೊಂಡು, ಅದನ್ನು ಗೆಳತಿಯರಿಬ್ಬರ ಕೈಗೆ ನಿಕ್ಷೇಪವಾಗಿ ಒಪ್ಪಿಸುತ್ತಾಳೆ. ನಿಕ್ಷೇಪವೆಂದರೆ ನಂಬಿ ಇಟ್ಟ ಒಡವೆ. ಆಗ ಗೆಳತಿಯರು ಅಳುತ್ತ, ತಮ್ಮನ್ನು ಯಾರ ಕೈಗೆ ಒಪ್ಪಿಸಿ ಹೋಗುತ್ತೀಯೆಂದು ಕೇಳುತ್ತಾರೆ. ಒಂದು ಬಳ್ಳಿಯ ಹೊಣೆಯಿಂದ ಮನುಷ್ಯರ ಹೊಣೆಗೆ ಮಾತು ಎಷ್ಟು ಬೇಗ ದಾಟಿತು!

ನಾನು ಹುಡುಗನ ಕೈಗೆ ಕೊಟ್ಟಿದ್ದು ಮುನ್ನೂರು ರೂಪಾಯಿ ಮತ್ತು ಒಂದು ಕೀಲಿ. ನಿಕ್ಷೇಪ ಕೊಟ್ಟಿರಲಿಲ್ಲ. ಯಾವ ಗಿಡಕ್ಕೆ ಎಷ್ಟು ನೀರು, ಟಾಕಿ ಬರಿದಾದರೆ ಯಾರನ್ನು ಕೇಳಬೇಕು, ಎಲ್ಲವನ್ನೂ ಉಳಿಸಲಾಗದಿದ್ದರೆ ಯಾವುದೊಂದನ್ನು ಉಳಿಸಬೇಕು, ಇದಾವುದನ್ನೂ ಹೇಳಿರಲಿಲ್ಲ. ಆ ಡಬ್ಬಿ ಮಹಾಪೂರದಲ್ಲಿ ದೋಣಿ ಹತ್ತಿ ಬಂದದ್ದೆಂದು ಅವನಿಗೆ ಗೊತ್ತಿದ್ದರೆ ತುಳಸಿಯೊಂದಾದರೂ ಬದುಕುತ್ತಿತ್ತೇನೋ. ದುಡ್ಡು ಕೊಟ್ಟರೆ ಕೆಲಸ ವರ್ಗವಾಗುತ್ತದೆ, ಹೊಣೆ ವರ್ಗವಾಗುವುದಿಲ್ಲ.

ನಮ್ಮ ಸೀಮೆಯ ಒಕ್ಕಲಿಗನಿಗೆ ಈ ವಿವೇಕ ಕೆಲಸದಲ್ಲಿಯೇ ಇದೆ. ನಿಪ್ಪಾಣಿಯ ತಂಬಾಕಿನ ರೈತ ಅಗಿಯನ್ನು ಮಡಿಯಲ್ಲಿ ಇಕ್ಕಟ್ಟಾಗಿ ಬೆಳೆಸುತ್ತಾನೆ. ಈಗೀಗ ಕಬ್ಬಿನ ಒಂದೊಂದು ಕಣ್ಣನ್ನೂ ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಇಟ್ಟು ಸಸಿ ಮಾಡುವುದು ಬಂದಿದೆ. ಅಲ್ಲಿಯೂ ಬಂಧನವಿದೆ. ಆದರೆ ಅದಕ್ಕೆ ಅವಧಿಯಿದೆ. ಕೆಲವು ವಾರದ ಮೇಲೆ ಹೊಲಕ್ಕೆ ಹಚ್ಚುವ ದಿನವನ್ನು ನೆನೆದೇ ಅವನು ಬೀಜ ಹಾಕಿರುತ್ತಾನೆ. ಮುಂದಿನ ನೆಲ ಯಾವುದೆಂದು ಗೊತ್ತಿದ್ದು ಕಟ್ಟಿದ ಕಟ್ಟು ಸೆರೆಯಲ್ಲ, ತೊಟ್ಟಿಲು.

ಅವ್ವ ಮಾತ್ರ ವಾದ ಮಾಡಲಿಲ್ಲ. ಆ ವರ್ಷ ಮಿರಗದ ಮಳೆಯೂ ಕೈಕೊಟ್ಟಿತು. ಕುಂಡಗಳು ಬರಿದಾಗಿಯೇ ಮಳೆಗಾಲ ಕಳೆದವು. ನವರಾತ್ರಿ ಬಂದಾಗ ಅವಳು ತಾನಾಗಿ ನನ್ನನ್ನು ಕರೆದು, ಹೊಲದಿಂದ ಒಂದು ಬುಟ್ಟಿ ಮಣ್ಣು ತರಿಸಿದಳು. ನಮ್ಮ ಕಡೆ ಘಟ್ಟ ಹಾಕುವ ಪದ್ಧತಿ ಓದುಗರಿಗೆ ಗೊತ್ತು. ಪತ್ರಾವಳಿಯ ಮೇಲೆ ಮಣ್ಣು ಹರಡಿ, ಗೋದಿ, ಜೋಳ ಮೊದಲಾದ ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಡುತ್ತಾರೆ. ಗಡಿಗೆಯಿಂದ ಜಿನುಗಿದ ನೀರಿಗೇ ಸಸಿ ಏಳುತ್ತದೆ. ಬಿಸಿಲು ಕಾಣದ ಆ ಎಳೆಹಳದಿ ಸಸಿಯನ್ನು ದಸರೆಯ ದಿನ ಗಂಡಸರು ಟೊಪ್ಪಿಗೆಯಲ್ಲಿ, ಹೆಂಗಸರು ತುರುಬಿನಲ್ಲಿ ಮುಡಿಯುತ್ತಾರೆ. “ಗಿಡಾ ಬ್ಯಾಡ ಅಂದಿದ್ದೆಲ್ಲವ್ವಾ?” ಎಂದೆ. “ಒಂಬತ್ತ ದಿನದ್ದು. ಒಂಬತ್ತ ದಿನ ನಾ ಎಲ್ಲಿ ಹೋಗಾಂಗಿಲ್ಲ” ಎಂದಳು. ಮಾತು ಕೊಡುವುದಾದರೆ ಉಳಿಸಿಕೊಳ್ಳಬಲ್ಲಷ್ಟನ್ನೇ ಕೊಡಬೇಕೆಂಬುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ದಸರೆಯ ಸಸಿ ಕೊಡಲು ಅವಳು ಕೆಳಗಿನ ಮನೆಗೆ ಹೋದಳು. ಅಲ್ಲಿಯ ಹುಡುಗಿ ಆಗ ಏಳನೆಯ ಇಯತ್ತೆ. ತುಳಸಿಯ ಲಗ್ನದ ಹೊತ್ತಿಗೆ ಆ ಹುಡುಗಿ ತಮ್ಮ ಮನೆಯ ತುಳಸಿಯ ಬುಡದಿಂದ ಒಂದು ಸಸಿಯನ್ನು ಬೊಗಸೆಯಲ್ಲಿ ಹಿಡಿದು ಮೇಲೆ ಬಂದಳು. ಅವ್ವ ಕೂಡಲೆ ತೆಗೆದುಕೊಳ್ಳಲಿಲ್ಲ. “ನೀ ಊರಿಗೆ ಹೋದಾಗ ನಾ ನೀರ ಹಾಕತೀನಿ. ನಾ ಹೋದಾಗ ನೀ ಹಾಕತೀಯೇನ?” ಎಂದು ಕೇಳಿದಳು. “ಹೂಂ ಆಯಿ, ಹಾಕತೀನಿ” ಎಂದಿತು ಹುಡುಗಿ. ಹೋಗುವುದೆಂದರೆ ಪುಣೆಗೆ ಎಂದು ಅದು ತಿಳಿದಿರಬೇಕು. ಅವ್ವ ನನ್ನ ಕಡೆ ನೋಡಲಿಲ್ಲ.

ಹೋಗುವವರು ಗಿಡ ಹಚ್ಚಬಹುದೆ? ಹಚ್ಚಬಹುದೆಂದೇ ನನ್ನ ಈಗಿನ ತಿಳಿವಳಿಕೆ. ಆದರೆ ಹಚ್ಚುವ ದಿನವೇ ಇನ್ನೊಂದು ಕೈಯನ್ನು ಹುಡುಕಿಕೊಳ್ಳಬೇಕು, ಆ ಕೈಗೆ ಗಿಡದ ಕಥೆಯನ್ನೂ ಹೇಳಿರಬೇಕು. ದೂರದಲ್ಲಿದ್ದಾಗ ಮಳೆಯಾಗದೆ ಮಳೆಯಾಯಿತೆಂದು ಹೇಳಬಾರದು. ಕಟ್ಟಿದವನು ಕೊನೆಯವರೆಗೂ ಇರಬೇಕೆಂದು ಯಾವ ಧರ್ಮವೂ ಕೇಳಲಾರದು. ತಾನು ಇಲ್ಲದಾಗ ನೀರು ಎಲ್ಲಿಂದ ಬರುವುದೆಂದು ಯೋಚಿಸಿ ಕಟ್ಟಿದನೇ ಎಂದು ಮಾತ್ರ ಕೇಳುತ್ತದೆ.

ಡಬ್ಬಿ ಈಗ ಮಾಳಿಗೆಯ ಮೇಲಿಲ್ಲ. ಕೆಳಗೆ, ಎರಡೂ ಮನೆಯವರು ದಿನವೂ ದಾಟುವ ಬಾಗಿಲ ಕಟ್ಟೆಯ ಮೇಲಿದೆ. ಬೆಳಿಗ್ಗೆ ನಾನು ತಂಬಿಗೆ ಹಿಡಿದು ಇಳಿಯುವ ಹೊತ್ತಿಗೆ ಎಷ್ಟೋ ಸಲ ಮಣ್ಣು ಆಗಲೇ ಒದ್ದೆಯಾಗಿರುತ್ತದೆ. ಯಡೂರಿಗೆ ಕಳೆದ ಜಾತ್ರೆಗೆ ಹೋಗಿ ಬಂದೆವು.